ಅಶೋಕ ಮರದೊಳಗಿನ ಸಂಸಾರ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕಡೆ ಕಾಂಪೌಂಡಿನ ಅಂಚಿಗೆ ಸಾಲಾಗಿ ನೆಟ್ಟ ಉದ್ದನೆಯ ಅಶೋಕ ಮರಗಳ ಬುಡದಲ್ಲಿ ಬೆಳಿಗ್ಗೆ ಪೇರಲದ ಚೂರು, ಅಗಿದು ಉಗುಳಿದ ಸಿಪ್ಪೆ ಕಂಡರೆ ಅಳಿಲನ್ನು ಬೈಯುವ ಮೊದಲು ತಲೆಯೆತ್ತಿ ನೋಡಿ. ಜೋತುಬಿದ್ದ ಎಲೆಗಳ ಮರೆಯಲ್ಲಿ ಗಿಡ್ಡ ಮೂಗಿನ ಹಣ್ಣುಬಾವಲಿಯ ಸಂಸಾರ ಇದ್ದೀತು. ಶಾಸ್ತ್ರೀಯ ಹೆಸರು ಸಿನೊಪ್ಟೆರಸ್ ಸ್ಫಿಂಕ್ಸ್.

ಮನೆ ಕಟ್ಟುವುದು ಗಂಡಿನ ಪಾಲು. ಗೀಜಗನ ಹಾಗೆ ತಂದು ನೇಯುವುದಿಲ್ಲ, ಇದ್ದದ್ದನ್ನು ಕಡಿದು ತೆಗೆಯುತ್ತದೆ. ಒಳಗಿನ ಕಡ್ಡಿ, ತೊಟ್ಟುಗಳನ್ನು ಹಲ್ಲಿನಿಂದ ಕತ್ತರಿಸಿ, ಸುತ್ತಲಿನ ಎಲೆ ಹಾಗೇ ಬಿಟ್ಟು, ನಡುವೆ ಪೊಳ್ಳು ಮಾಡುತ್ತದೆ. ದಕ್ಷಿಣ ಭಾರತದಲ್ಲಿ ನಡೆದ, 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇದಕ್ಕೆ ಅಶೋಕದಲ್ಲಾಗಲಿ ಪರದೆ ಬಳ್ಳಿಯಲ್ಲಾಗಲಿ ಸುಮಾರು 30ರಿಂದ 50 ದಿನ ಬೇಕು. ಆಮೇಲೆ ಹೆಣ್ಣುಗಳು ಒಂದೊಂದಾಗಿ ಬಂದು ಸೇರುತ್ತವೆ. ಪುಣೆಯಲ್ಲಿ ಸಂಶೋಧಕರಾದ ಜೇ ಸ್ಟಾರ್ಜ್, ಎಚ್.ಆರ್. ಭಟ್, ಥಾಮಸ್ ಕುಂಜ್ ಕಂಡದ್ದೂ ಇದನ್ನೇ: ಒಂದು ಗಂಡು, ಹಲವು ಹೆಣ್ಣು. ಹೆಣ್ಣು ವರ್ಷಕ್ಕೆ ಎರಡು ಸಲ ಒಂದೊಂದು ಮರಿ ಹಾಕುತ್ತದೆ. ಮೊದಲ ಹೆರಿಗೆ ಮುಗಿದ ಸ್ವಲ್ಪದರಲ್ಲೇ ಮತ್ತೆ ಕೂಡುತ್ತದೆ.

ಹಾಗೆಂದು ಎಲ್ಲವೂ ಗಂಡಿನ ಇಷ್ಟದಂತೆಯೇ ನಡೆಯುತ್ತದೆ ಎನ್ನಲಾಗದು. ಇದೇ ಜಾತಿಯನ್ನು ಚೀನಾದಲ್ಲಿ ಗಮನಿಸಿದವರು 2009ರಲ್ಲಿ ಬರೆದರು: ಕೂಡಿಕೊಂಡಿರುವಾಗಲೇ ಹೆಣ್ಣು ತಲೆ ಬಗ್ಗಿಸಿ ಗಂಡಿನ ಜನನಾಂಗದ ಬುಡವನ್ನು ನೆಕ್ಕುತ್ತದೆ. 20 ಜೋಡಿಗಳ ಪೈಕಿ 14ರಲ್ಲಿ ಹೀಗಾಯಿತು. ಒಂದು ಸೆಕೆಂಡು ನೆಕ್ಕಿದರೆ ಕೂಟ ಸುಮಾರು ಆರು ಸೆಕೆಂಡು ಲಂಬಿಸುತ್ತದೆ, ನೆಕ್ಕುವಷ್ಟು ಹೊತ್ತು ಗಂಡು ಹಿಂದೆ ಸರಿಯುವುದಿಲ್ಲ. ಮರುವರ್ಷ ಇದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಸಿಕ್ಕಿತು. ನಗು ಬರುವುದು ಸಹಜವೇ, ಆದರೆ ಮಾಪನ ಮಾತ್ರ ಗಂಭೀರವಾದದ್ದು. ಎಂಜಲು ಸೋಂಕು ತಡೆಯುತ್ತದೆಯೇ, ವೀರ್ಯ ಒಳಸೇರಲು ನೆರವಾಗುತ್ತದೆಯೇ, ಗಂಡು ಬೇರೆ ಹೆಣ್ಣಿನತ್ತ ಹೋಗದಂತೆ ಹಿಡಿದಿಡುವ ಉಪಾಯವೇ? ಊಹೆಗಳು ಹಲವು, ಯಾವುದೂ ಇನ್ನೂ ತೀರ್ಮಾನವಾಗಿಲ್ಲ.

ಊರ ಹೊರಗಿನ ಆಲ, ಅರಳಿಗಳಲ್ಲಿ ನೇತಾಡುವ ದೊಡ್ಡ ತೊಗಲುಬಾವಲಿಯಲ್ಲಿ ಪಾತ್ರ ಅದಲುಬದಲು. ಮದುರೆ ಕಾಮರಾಜ ವಿಶ್ವವಿದ್ಯಾಲಯದ ಮಾರುತುಪಾಂಡಿಯನ್ ಮತ್ತು ಮಾರಿಮುತ್ತು ಹಳ್ಳಿಯೊಂದರ ಅರಳಿ ಮರದ ಗುಂಪನ್ನು 13 ತಿಂಗಳು ನೋಡಿ, 57 ಕೂಟಗಳನ್ನು ದಾಖಲಿಸಿ 2013ರಲ್ಲಿ ಪ್ರಕಟಿಸಿದರು. ಇಲ್ಲಿ ನೆಕ್ಕುವುದು ಗಂಡು, ಅದೂ ಕೂಟಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ. ಮೊದಲು ಹೆಚ್ಚು ನೆಕ್ಕಿದಷ್ಟೂ ಕೂಟ ದೀರ್ಘ. ನನಗೆ ಕುತೂಹಲ ಹುಟ್ಟಿಸಿದ ಊಹೆಯೆಂದರೆ, ಹಿಂದೆ ಬಂದುಹೋದ ಗಂಡಿನ ವೀರ್ಯವನ್ನು ಇದು ಹೊರಹಾಕುತ್ತಿರಬಹುದು ಎಂಬುದು. ನೂರಾರು ಬಾವಲಿಗಳು ಒಂದೇ ಮರದಲ್ಲಿ ಬೆರೆತಿರುವಾಗ ಅಂಥ ಪೈಪೋಟಿಗೆ ಅವಕಾಶ ಬೇಕಾದಷ್ಟಿದೆ.