ಎಲೆಯ ಮೇಲೆ ಕೂತ ಗುಡ್ಡ

ಸಂಡೂರಿನ ದಾರಿಯಲ್ಲಿ ಒಂದು ಬೇವಿನೆಲೆ ಕಿತ್ತು ಹೆಬ್ಬೆರಳಿನಿಂದ ಉಜ್ಜಿ. ಮೊದಲು ಕೆಂಪು, ಆಮೇಲೆ ಹಸಿರು. ಬೆರಳಿಗೆ ಅಂಟಿದ್ದು ಹೆಮಟೈಟ್; ತುಕ್ಕಿನ ಜಾತಿಯದೇ ಕಬ್ಬಿಣ.

ಅದಿರಿನ ಸುದ್ದಿ ಇಲ್ಲಿ ಹೊಸದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರಲ್ಲೇ ಬಳ್ಳಾರಿ ಸೀಮೆಯ ಭೂರಚನೆ ಕುರಿತು ಬರೆದಿದ್ದರು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು, 1977ರಲ್ಲಿ ದೋಣಿಮಲೈಯಲ್ಲಿ ಎನ್‌ಎಂಡಿಸಿ ಗಣಿ ಶುರುವಾಯಿತು. ಆಗಲೂ ಧೂಳಿತ್ತು, ಊರು ಅದರ ಜತೆ ಹೇಗೋ ಬಾಳುತ್ತಿತ್ತು.

ಹದ ತಪ್ಪಿದ್ದು 2000ದ ಈಚೆಗೆ. ಚೀನಾದ ಬೇಡಿಕೆಯಿಂದ ಬೆಲೆ ಏರಿದ್ದೇ ತಡ, ಹೊಸಪೇಟೆ-ಸಂಡೂರು ಸುತ್ತ ಪಟ್ಟಾ ಹೊಲಗಳನ್ನೂ ಅಗೆದು ಮೇಲ್ಪದರದ ಅದಿರು ಬಾಚಿದರು. ಹೊಲ ಬಿಟ್ಟುಕೊಟ್ಟ ರೈತರನ್ನು ನಾನು ದೂರಲಾರೆ. ಧೂಳು ಕೂತ ಬೆಳೆಯನ್ನು ಕೇಳುವವರಿರಲಿಲ್ಲ, ಮಣ್ಣಿಗೆ ಗಿರಾಕಿ ಮನೆಬಾಗಿಲಿಗೇ ಬರುತ್ತಿದ್ದ.

ಅಕ್ರಮ ಗಣಿಗಾರಿಕೆ ಕುರಿತು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಮೊದಲ ವರದಿ 2008ರ ಡಿಸೆಂಬರಿನಲ್ಲಿ ಬಂತು. ಮರುವರ್ಷ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ಕೋರ್ಟು ನಿಲ್ಲಿಸಿತು. ಗಾಳಿ ತಿಳಿಯಾಯಿತು; ಕಂತು ಬಾಕಿಯಿದ್ದ ಲಾರಿಗಳು ಮನೆಮುಂದೆ ನಿಂತೇ ಹಳತಾದವು. ಆ ನೋವೂ ಈ ಕತೆಯದೇ.

2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅಕ್ರಮ ವಿಪರೀತವಾಗಿದ್ದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರಿಗೆ ಪುನಶ್ಚೇತನ ಯೋಜನೆಯ ಕಟ್ಟುಪಾಡು: ತ್ಯಾಜ್ಯದ ದಿಬ್ಬಕ್ಕೆ ತಡೆಗೋಡೆ, ಹಳ್ಳಕ್ಕೆ ಚೆಕ್‌ಡ್ಯಾಂ, ಹೂಳು ತಂಗಲು ಗುಂಡಿ. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿಯೂ ಬಿತ್ತು. 2022ರಲ್ಲಿ ಅದು 3.5 ಕೋಟಿಗೆ ಏರಿತು.

ಇಷ್ಟು ಅದಿರು ರಸ್ತೆಗಿಳಿದರೆ ಏನಾಗುತ್ತದೆಂದು ರಸ್ತೆಬದಿಯ ಮನೆಯವರನ್ನು ಕೇಳಬೇಕು. ಬೆಳಿಗ್ಗೆ ಟ್ಯಾಂಕರ್ ಬಂದು ನೀರು ಚಿಮುಕಿಸುತ್ತದೆ, ಧೂಳು ಕೆಸರಾಗುತ್ತದೆ. ಲಾರಿಯ ಗಾಲಿ ಅದನ್ನು ಅರೆಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಒಣಗಿ ಮೊದಲಿಗಿಂತ ನುಣ್ಣಗಾಗಿ ಏಳುತ್ತದೆ. ಒಗೆದು ಹರವಿದ ಬಿಳಿ ಅಂಗಿ ಸಂಜೆಗೆ ಕಾವಿ. ನಂದಿಹಳ್ಳಿಯಿಂದ ತೋರಣಗಲ್ಲಿನ ಕಡೆಗೆ ಹಾಕಿದ ಕೊಳವೆ ಕನ್ವೇಯರ್‌ನಂಥವು ಹೆಚ್ಚಬೇಕು. ಅದಿರು ಲಾರಿ ಬಿಟ್ಟಿಳಿಯದೆ ಈ ಧೂಳು ತಗ್ಗದು.

ದೇವದಾರಿ ಗುಡ್ಡದಲ್ಲಿ ಗಣಿಗೆಂದು ಸುಮಾರು 99 ಸಾವಿರ ಮರ ಕಡಿಯುವ ಲೆಕ್ಕ 2024ರಲ್ಲಿ ದೊಡ್ಡ ಸುದ್ದಿಯಾದಾಗ ಸಂಡೂರಿನವರು ಪ್ರತಿಭಟನೆಗೆ ಇಳಿದರು. ಗಣಿ ಸುರಕ್ಷಿತ ಎಂಬ ಕಾಗದವನ್ನು ಅವರು ನಂಬಲಿಲ್ಲವೆಂದರೆ ಅಚ್ಚರಿಯೇನು? ಅಂಗಳದ ತುಳಸಿಯ ಮೇಲೆ ಅವರು ದಿನಾ ಓದುವುದು ಬೇರೆಯೇ ವರದಿ.

ಆ ತಡೆಗೋಡೆ, ಚೆಕ್‌ಡ್ಯಾಂಗಳು ಹೂಳನ್ನು ತಡೆದಿವೆಯೇ ಎಂದು ತಿಳಿಯಲು, ಮುಂಗಾರಿನ ಮೊದಲ ಜೋರು ಮಳೆಯ ಮರುದಿನ ಸಂಡೂರು ಬಳಿಯ ತಾರಾನಗರಕ್ಕೆ ಹೋಗಿ, ನಾರಿಹಳ್ಳದ ಜಲಾಶಯದ ನೀರು ಯಾವ ಬಣ್ಣದ್ದೆಂದು ನೋಡಿಕೊಂಡು ಬರುತ್ತೇನೆ.