ಅಮಾನತು ಎಂದರೆ ವಜಾ ಅಲ್ಲ: ಅಂಗಡಿ ನೌಕರರು ತಿಳಿದಿರಬೇಕಾದ ಹಕ್ಕುಗಳು

ಅಮಾನತು ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರೆಲ್ಲ ಕೆಲಸವೇ ಹೋಯಿತೆಂದು ತಿಳಿಯುತ್ತಾರೆ. ಮಾಲ್, ಸೂಪರ್ ಮಾರ್ಕೆಟ್, ಬಟ್ಟೆ ಮಳಿಗೆಗಳಲ್ಲಿ ದುಡಿಯುವ ಯುವಜನರು ಆ ಭಯದಲ್ಲೇ ರಾಜೀನಾಮೆ ಬರೆದುಕೊಟ್ಟು ಬರುವುದುಂಟು. ಕಾರ್ಮಿಕ ಸಂಘಕ್ಕೆ ಸೇರಿದ ಕಾರಣಕ್ಕೆ ಅಮಾನತಾದವರಂತೂ ಇನ್ನಷ್ಟು ಹೆದರುತ್ತಾರೆ. ಆದರೆ ಕಾನೂನಿನ ದೃಷ್ಟಿಯಲ್ಲಿ, ವಿಚಾರಣೆ ಮುಗಿಯುವವರೆಗಿನ ಅಮಾನತು ಶಿಕ್ಷೆಯೂ ಅಲ್ಲ, ವಜಾವೂ ಅಲ್ಲ. ಮಾಲೀಕ ಮತ್ತು ನೌಕರರ ಸಂಬಂಧ ಮುಂದುವರಿದೇ ಇರುತ್ತದೆ. ಆ ಅವಧಿಯಲ್ಲಿ ನೌಕರರು ಮೊದಲು ಕೇಳಿ ಪಡೆಯಬೇಕಾದದ್ದು ಜೀವನಾಧಾರ ಭತ್ಯೆ. ಅದು ಕೈಗೆ ಬಾರದಿದ್ದರೆ ಉಳಿದ ಹಕ್ಕುಗಳು ಕಾಗದದ ಮೇಲೆಯೇ ಉಳಿಯುತ್ತವೆ.

ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಟೇಕಲ್, ಬೆಂಗಳೂರು-ಚೆನ್ನೈ ರೈಲು ಮಾರ್ಗದಲ್ಲಿದೆ. ಆ ಭಾಗದಿಂದ ಬಹಳ ಮಂದಿ ದಿನವೂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿಯ ಯುವತಿಯೊಬ್ಬಳು ಬೆಂಗಳೂರಿನ ದೊಡ್ಡ ಮಳಿಗೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ, ಸಂಘದ ಪದಾಧಿಕಾರಿಯೂ ಆಗಿದ್ದಾಳೆ ಎಂದು ಇಟ್ಟುಕೊಳ್ಳೋಣ. ಓವರ್‌ಟೈಮ್ ಹಣಕ್ಕಾಗಿ ಸಂಘ ಮನವಿ ಕೊಟ್ಟ ಮರುವಾರವೇ 'ಕೌಂಟರಿನ ಲೆಕ್ಕದಲ್ಲಿ ವ್ಯತ್ಯಾಸ' ಎಂಬ ಆರೋಪದ ಮೇಲೆ ಆಕೆಯ ಅಮಾನತಾಗುತ್ತದೆ. ಸಂಬಳ ನಿಲ್ಲುತ್ತದೆ. ವಿಚಾರಣೆಗೆ ಬೆಂಗಳೂರಿಗೆ ಬಾ ಎಂದು ಪತ್ರ ಬರುತ್ತದೆ. ಕೈಯಲ್ಲಿ ಕಾಸಿಲ್ಲದವಳು ಎಷ್ಟು ಸಲ ಹೋಗಿ ಬಂದಾಳು? ಹೋಗದಿದ್ದರೆ ಆಕೆಯ ಗೈರುಹಾಜರಿಯಲ್ಲೇ ವಿಚಾರಣೆ ಮುಗಿದು ವಜಾ ಆದೇಶ ಹೊರಬೀಳುತ್ತದೆ.

ಇಂಥದೇ ಪ್ರಶ್ನೆ ಟೇಕಲ್‌ನ ನೆರೆಯ ಕೆಜಿಎಫ್‌ನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕೋಲಾರ ಚಿನ್ನದ ಗಣಿಯ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ 1985ರ ಜೂನ್ 2ರಂದು ಪೊಲೀಸರು ದಾಳಿ ನಡೆಸಿದರು. ಚಿನ್ನದ ಅಂಶವಿರುವ ವಸ್ತುಗಳು ದೊರೆತವೆಂದು ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ಕಂಪನಿ ಅವರನ್ನು ಅಮಾನತು ಮಾಡಿತು, ಭತ್ಯೆ ಕೊಡಲಿಲ್ಲ. ಕೇರಳದ ತಮ್ಮ ಊರಿನಲ್ಲಿದ್ದ ಅವರಿಗೆ ವಿಚಾರಣೆಗಾಗಿ ಕೆಜಿಎಫ್‌ಗೆ ಬರುವುದು ಸಾಧ್ಯವಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ನಡೆದು 1986ರ ಜೂನ್‌ನಲ್ಲಿ ಅವರು ವಜಾ ಆದರು. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಭತ್ಯೆ ಕೊಡದೆ ಏಕಪಕ್ಷೀಯವಾಗಿ ನಡೆಸಿದ ಆ ವಿಚಾರಣೆ ನಿಲ್ಲದು ಎಂದು ತೀರ್ಪಿತ್ತಿತು. ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು, ಅಮಾನತಾದ ದಿನದಿಂದ ಬರಬೇಕಾದ ಸಂಬಳವನ್ನೆಲ್ಲ ಕೊಡುವಂತೆ ಆದೇಶಿಸಿತು. ಅಮಾನತಾದವನೂ ಬದುಕಬೇಕು, ಆ ಬದುಕುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿದೆ ಎಂಬುದು ತೀರ್ಪಿನ ತಿರುಳು.

ಪಾಲ್ ಆಂಟನಿ ಪ್ರಕರಣವೆಂದೇ ವಕೀಲರ ವಲಯದಲ್ಲಿ ಇದು ಪ್ರಸಿದ್ಧ. ಅದು ಸರಕಾರಿ ಸ್ವಾಮ್ಯದ ಕಂಪನಿಯ ವಿಷಯ, ನಿಜ. ಆದರೆ ಆರೋಪಿತರಿಗೆ ತಮ್ಮ ಮಾತು ಹೇಳಿಕೊಳ್ಳಲು ನಿಜವಾದ ಅವಕಾಶ ಸಿಗಬೇಕೆಂಬ ಸಹಜ ನ್ಯಾಯದ ತತ್ವ ಖಾಸಗಿ ಮಳಿಗೆಯ ವಿಚಾರಣೆಗೂ ಅನ್ವಯಿಸುತ್ತದೆ.

ಭತ್ಯೆ ಎಷ್ಟು? 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮೊದಲ 90 ದಿನ ವೇತನದ ಶೇಕಡಾ 50, ಆ ಬಳಿಕ ಶೇಕಡಾ 75. ವಿಳಂಬಕ್ಕೆ ನೌಕರರೇ ಕಾರಣರಾಗಿರಬಾರದು. ವಿಚಾರಣೆ ಸಾಮಾನ್ಯವಾಗಿ 90 ದಿನಗಳೊಳಗೆ ಮುಗಿಯಬೇಕು. ಸಂಹಿತೆಯ ಈ ಭಾಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಇದಲ್ಲದೆ 1988ರ ಕರ್ನಾಟಕ ಜೀವನಾಧಾರ ಭತ್ಯೆ ಪಾವತಿ ಕಾಯಿದೆ ಇನ್ನೂ ಉದಾರವಾದ ಪ್ರಮಾಣವನ್ನು ಗೊತ್ತುಪಡಿಸಿದೆ: ಮೊದಲ 90 ದಿನ ಶೇಕಡಾ 50, 180 ದಿನಗಳವರೆಗೆ ಶೇಕಡಾ 75, ಆಮೇಲೆ ಶೇಕಡಾ 90. ಕೆಲಸದ ಕರಾರಿನಲ್ಲಾಗಲಿ ನಿಯಮಗಳಲ್ಲಾಗಲಿ ಅಮಾನತು ಮಾಡುವ ಅಧಿಕಾರವೇ ಇಲ್ಲದಿದ್ದರೆ, ನೌಕರರನ್ನು ಮನೆಯಲ್ಲಿ ಕೂರಿಸಿದ ಮಾಲೀಕರು ಪೂರ್ಣ ವೇತನ ಕೊಡಬೇಕಾಗುತ್ತದೆ. ಆದ್ದರಿಂದ ನೇಮಕಾತಿ ಪತ್ರವನ್ನು ಹುಡುಕಿ ಓದಿಸಿಕೊಳ್ಳುವುದು ಮೊದಲ ಕೆಲಸ.

ಇನ್ನು ಸಂಘದ ಮೇಲಿನ ಸೇಡಿನ ವಿಷಯ. ಸಂಘ ಕಟ್ಟುವುದೇ ತಪ್ಪೆಂದು ಭಾವಿಸುವ ಹಿರಿಯರು ನಮ್ಮ ನಡುವೆ ಇದ್ದಾರೆ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಪೋಪ್ ಹದಿಮೂರನೇ ಲಿಯೋ ಅವರು 1891ರಲ್ಲಿಯೇ ತಮ್ಮ ವಿಶ್ವಪತ್ರದಲ್ಲಿ ಕಾರ್ಮಿಕರ ಸಂಘಗಳನ್ನು ಎತ್ತಿಹಿಡಿದಿದ್ದರು. ಸಂಘಕ್ಕೆ ಸೇರಿದ ಕಾರಣಕ್ಕೆ ಶಿಕ್ಷಿಸುವುದು, ಸುಳ್ಳು ಆರೋಪ ಹೊರಿಸಿ ಕೆಲಸದಿಂದ ತೆಗೆಯುವುದು, ಸೇಡಿಗಾಗಿ ವರ್ಗ ಮಾಡುವುದು ಇವೆಲ್ಲ ಸಂಹಿತೆಯ ಎರಡನೇ ಅನುಸೂಚಿಯಲ್ಲಿ ಅನುಚಿತ ಕಾರ್ಮಿಕ ಪದ್ಧತಿಗಳೆಂದು ಪಟ್ಟಿಯಾಗಿವೆ. ದಂಡ 10,000 ರೂಪಾಯಿಯಿಂದ 2 ಲಕ್ಷದವರೆಗೆ. ಸಂಧಾನ ನಡೆಯುತ್ತಿರುವಾಗ ಆ ವಿವಾದಕ್ಕೆ ಸಂಬಂಧಿಸಿದ ತಪ್ಪಿಗೆಂದು ಯಾರನ್ನೂ ಅನುಮತಿಯಿಲ್ಲದೆ ವಜಾ ಮಾಡುವಂತಿಲ್ಲ. 'ರಕ್ಷಿತ ಕಾರ್ಮಿಕ'ರೆಂದು ಮಾನ್ಯರಾದ ಪದಾಧಿಕಾರಿಗಳಿಗೆ ಇನ್ನೂ ಹೆಚ್ಚಿನ ರಕ್ಷಣೆಯಿದೆ.

ಸಂಗಾತಿಯ ಅಮಾನತು ಕಂಡು ಉಳಿದವರು ಸಿಟ್ಟಿನಲ್ಲಿ ಅಂದೇ ಕೆಲಸ ನಿಲ್ಲಿಸುವುದು ಸಹಜ. 2020ರ ನವೆಂಬರ್ 9ರಂದು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಸಂಘದವರೊಬ್ಬರ ಅಮಾನತಿನ ಬಳಿಕ ಧರಣಿ ಆರಂಭವಾಯಿತು. ಮರುದಿನ ಲಾಕೌಟ್ ಘೋಷಣೆಯಾಯಿತು. ಮತ್ತಷ್ಟು ಮಂದಿಯ ಅಮಾನತಾಯಿತು. ಮುಷ್ಕರ ಮುಗಿಯುವಾಗ 2021ರ ಮಾರ್ಚ್ ಬಂದಿತ್ತು. ಈಗಿನ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನ ಮುಂಚಿತವಾಗಿ ನೋಟಿಸ್ ಕೊಡುವುದು ಅಂಗಡಿ ನೌಕರರಿಗೂ ಕಡ್ಡಾಯ. ಅರ್ಧದಷ್ಟು ನೌಕರರು ಒಟ್ಟಾಗಿ ರಜೆ ಹಾಕಿದರೆ ಅದೂ ಮುಷ್ಕರವೇ. ಅವಸರದ ಒಂದು ದಿನ, ನ್ಯಾಯವಾದ ದೂರನ್ನೂ ದುರ್ಬಲಗೊಳಿಸಬಲ್ಲದು.

ಹಾಗಾದರೆ ಟೇಕಲ್‌ನ ಆ ಯುವತಿ ಏನು ಮಾಡಬೇಕು? ರಾಜೀನಾಮೆಗೆ ಸಹಿ ಹಾಕಬಾರದು, ಖಾಲಿ ಹಾಳೆಗಂತೂ ಹಾಕಲೇಬಾರದು. ಅಮಾನತು ಆದೇಶವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಭತ್ಯೆ ಕೊಡಿ, ನಾನು ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಬೇಕು. ಆರೋಪಪಟ್ಟಿಗೆ ಗಡುವಿನೊಳಗೆ ಉತ್ತರ ಕೊಡಬೇಕು. ವಿಚಾರಣೆಗೆ ಹೋಗಲೇಬೇಕು, ಭತ್ಯೆ ಬಾರದೆ ಹೋಗಲಾಗದಿದ್ದರೆ ಅದನ್ನೇ ಕಾರಣವಾಗಿ ಆ ದಿನಕ್ಕೆ ಮುಂಚೆ ಬರೆದು ತಿಳಿಸಬೇಕು. ಸಂಘ ಮನವಿ ಕೊಟ್ಟ ದಿನಾಂಕ ಮತ್ತು ಅಮಾನತಿನ ದಿನಾಂಕ, ಈ ಎರಡನ್ನೂ ದಾಖಲೆ ಸಹಿತ ಜೋಪಾನ ಮಾಡಬೇಕು. ಸೇಡನ್ನು ಸಾಬೀತುಪಡಿಸುವಾಗ ಅವೆರಡರ ನಡುವಿನ ಅಂತರ ಸಾಕ್ಷಿಗೆ ಬಲ ಕೊಡುತ್ತದೆ.

ಕೊನೆಗೆ ವಜಾ ಆದರೂ ದಾರಿ ಮುಚ್ಚುವುದಿಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೇ ವಿಧಿಯಂತೆ, 6 ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ವೇತನ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಆರೋಪವಿದ್ದರೆ ವಿಚಾರಣೆಯಲ್ಲಿ ಸಾಕ್ಷ್ಯ ದಾಖಲಾಗಿರಬೇಕು. ಆದೇಶದ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೂ ದೂರು ಕೊಡಬಹುದು. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನ ನಡೆಯದು, ಹಾಗಾಗಿ ತಡಮಾಡಬಾರದು.

ಇಂಥ ಸಂಕಟದಲ್ಲಿರುವವರು ಧರ್ಮಕೇಂದ್ರದ ಬಾಗಿಲಿಗೆ ಬಂದಾಗ ಪಾಲನಾ ಮಂಡಳಿಯವರು ಸಾಂತ್ವನ ಹೇಳಿ ಕಳುಹಿಸಿದರೆ ಸಾಲದು. ಒಂದು ಪತ್ರ ಬರೆದುಕೊಡೋಣ, ದಾಖಲೆಗಳನ್ನು ಜೋಡಿಸಿಕೊಡೋಣ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗಾಗಿ ಜತೆಯಲ್ಲಿ ಹೋಗೋಣ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಆ ನೆರವು ದೊರೆಯುತ್ತದೆ. ಭತ್ಯೆ ಬರುವವರೆಗೆ ಒಂದೆರಡು ಪ್ರಯಾಣದ ಖರ್ಚನ್ನು ನಾವೇ ಭರಿಸಿದರೆ ಆಕೆಯ ಮಾತು ವಿಚಾರಣೆಯ ಕೋಣೆಯವರೆಗೆ ತಲುಪೀತು.