ಮಕ್ಕಳ ಕೈಗೆ ಚಾಕು ಕೊಡುವ ಮುನ್ನ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಅವಧಿಯಲ್ಲಿ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂದು ಹೇಳುತ್ತದೆ. ಆಶಯ ಸ್ತುತ್ಯವೇ. ಆದರೆ ಹಣ್ಣು ಹೆಚ್ಚುವ ಚಾಕುವನ್ನೂ ಮುಟ್ಟದೆ ಬೆಳೆದ ನಗರದ ಮಗುವನ್ನು ಹನ್ನೆರಡನೆಯ ವಯಸ್ಸಿನಲ್ಲಿ ಒಮ್ಮೆಲೇ ಉಳಿಯ ಮುಂದೆ ಕೂರಿಸಿದರೆ ಪೋಷಕರು ಅಂಜುವುದು ಸಹಜ. ಅಂಜಿದ ಆಡಳಿತ ಏನು ಮಾಡುತ್ತದೆಂಬುದನ್ನು ಕಡತಗಳ ನಡುವೆ ಆಯುಷ್ಯ ಸವೆಸಿದ ನಾನು ಬಲ್ಲೆ. ನಿಷೇಧದ ಸುತ್ತೋಲೆ ಹೊರಡುತ್ತದೆ. ಮಕ್ಕಳು ಬಡಗಿಯ ಕೆಲಸವನ್ನು ದೂರದಿಂದ ನೋಡಿ, ಫೋಟೊ ತೆಗೆಸಿಕೊಂಡು ಮರಳುತ್ತಾರೆ.

ಫಿನ್ಲೆಂಡಿನ ಜನಶಾಲೆಗಳಲ್ಲಿ ಕೈಗೆಲಸವು ಊನೊ ಸಿಗ್ನೇಯಸ್ ಅವರ ಪ್ರಯತ್ನದಿಂದ 1866ರಲ್ಲೇ ಕಡ್ಡಾಯ ವಿಷಯವಾಯಿತು. ಸ್ವೀಡನ್ನಿನ ನೇಸ್ ಎಂಬಲ್ಲಿ ಶಿಕ್ಷಕರನ್ನು ತರಬೇತುಗೊಳಿಸಿದ ಒಟ್ಟೊ ಸಾಲೊಮನ್ ಅವರ ಪದ್ಧತಿಯಲ್ಲಿ ಮಗುವಿನ ಮೊದಲ ಸಲಕರಣೆಯೇ ಚಾಕು. ನಮ್ಮಲ್ಲಿಯೂ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕಸುಬನ್ನು ಶಿಕ್ಷಣದ ಕೇಂದ್ರದಲ್ಲಿರಿಸಿದರು. ಅದು ಹೆಚ್ಚು ಕಾಲ ಅಲ್ಲಿ ಉಳಿಯಲಿಲ್ಲ.

ಸುರಕ್ಷತೆ ಇರುವುದು ಕಲಿಕೆಯ ಕ್ರಮದಲ್ಲಿ. ಐದಾರು ವರ್ಷದ ಮಗುವಿಗೆ ಸ್ನಾನದ ಸಾಬೂನು ಮತ್ತು ಐಸ್‌ಕ್ರೀಮ್ ಕಡ್ಡಿ ಸಾಕು. ಹೆರೆದಷ್ಟೂ ರೂಪ ಹೊರಬರುತ್ತದೆ, ಹೆಚ್ಚು ಹೆರೆದರೆ ಮರಳಿ ಬಾರದು ಎಂಬುದನ್ನು ಬೆರಳು ತಾನೇ ಕಲಿಯುತ್ತದೆ. ಜೊತೆಗೆ ಮರದ ತುಂಡನ್ನು ಉಪ್ಪುಕಾಗದದಿಂದ ಉಜ್ಜುವ ಕೆಲಸ. ಮುಂದೆ ತರಕಾರಿ ಸಿಪ್ಪೆ ತೆಗೆಯುವ ಪೀಲರಿನಿಂದ ಹಸಿ ಕಡ್ಡಿಯ ತೊಗಟೆ ಸುಲಿಯುವುದು. ಒಣಮರಕ್ಕಿಂತ ಹಸಿಮರ ಮೃದು. ಚಾಕುವಿನ ಸರದಿ ಬರುವುದು ಇದೆಲ್ಲ ಕೈಗೆ ಒಗ್ಗಿದ ಮೇಲೆ, ಸುಮಾರು ಒಂಬತ್ತರ ಹೊತ್ತಿಗೆ. ಅಲಗು ಗಿಡ್ಡವಾಗಿರಲಿ, ಮಡಚುವಂಥದ್ದು ಬೇಡ. ಬಿಗಿ ಇಲ್ಲದ ಮಡಚುಚಾಕು ಬೆರಳ ಮೇಲೆಯೇ ಮುಚ್ಚಿಕೊಳ್ಳಬಲ್ಲದು. ಹೆತ್ತವರು ಸುರಕ್ಷಿತವೆಂದು ಆರಿಸುವ ಮೊಂಡು ಚಾಕುವೇ ಹೆಚ್ಚು ಅಪಾಯಕಾರಿ. ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗ ಅದು ಜಾರುತ್ತದೆ. ಮಗು ಕುಳಿತೇ ಕೆತ್ತಬೇಕು. ಮೊಣಕೈಗಳನ್ನು ಮಂಡಿಗಳ ಮೇಲೂರಿ, ಮಂಡಿಗಳಿಂದಾಚೆಗೆ, ಮೈಯಿಂದ ಹೊರಮುಖವಾಗಿ. ತೊಡೆಗಳ ನಡುವೆ ಅಲಗು ಆಡಲೇಬಾರದು, ಅಲ್ಲಿ ದೊಡ್ಡ ರಕ್ತನಾಳವಿದೆ. ಕಡಿತ ತಡೆಯುವ ಕೈಚೀಲ ಬೇಕಾದುದು ಮರ ಹಿಡಿದ ಕೈಗೆ. ಚಾಚಿದ ತೋಳು ಯಾರಿಗೂ ತಾಗದಷ್ಟು ಅಂತರವಿರಲಿ. ಎದ್ದು ನಿಲ್ಲುವ ಮೊದಲು ಚಾಕು ಒರೆ ಸೇರಬೇಕು.

ಮರದ ಆಯ್ಕೆಯಲ್ಲೂ ವಿವೇಕ ಬೇಕು. ಸಾಗರ, ಸೊರಬಗಳ ಗುಡಿಗಾರರು ಕೆತ್ತುವ ಶ್ರೀಗಂಧ ಕಲಿಯುವ ಕೈಗಲ್ಲ. ಚನ್ನಪಟ್ಟಣದ ಬೊಂಬೆಗಳ ಹಾಲೆಮರ ಮೃದುವಾದರೂ ಅಲ್ಲಿನದು ಚರಕಿಯ ಕೆಲಸ. ವೇಗವಾಗಿ ತಿರುಗುವ ಯಂತ್ರದಿಂದ ಪುಟ್ಟ ಮಕ್ಕಳನ್ನು ದೂರವಿಡುವುದೇ ಸರಿ, ಆದರೆ ಆ ಮರದ ತುಂಡುಗಳು ಕೆತ್ತನೆಗೆ ಒದಗುತ್ತವೆ. ಉದ್ಯಾನದಲ್ಲಿ ಸುಲಭವಾಗಿ ಸಿಗುವ ಕಣಗಿಲೆಯ ಕಡ್ಡಿ ಮಾತ್ರ ಕೂಡದು, ಅದರ ಪ್ರತಿ ಭಾಗವೂ ವಿಷ.

ಉಳಿಯುವುದು ಹಣದ ಪ್ರಶ್ನೆ. ಚಾಕು ಹಿಡಿದ ಮೂರು ನಾಲ್ಕು ಮಕ್ಕಳಿಗೆ ಒಬ್ಬ ಹಿರಿಯರಾದರೂ ಬೇಕು. ನಲವತ್ತು ಮಕ್ಕಳ ತರಗತಿಯನ್ನು ಒಟ್ಟಿಗೆ ಕೂರಿಸಲಾಗದು. ತಂಡಗಳಾಗಿ ಒಡೆದು, ಊರಿನ ಬಡಗಿಯನ್ನು ದಿನಗೂಲಿಯ ದರದಲ್ಲಲ್ಲ, ಶಿಕ್ಷಕರ ಗೌರವಧನ ಕೊಟ್ಟು ಕರೆಯಬೇಕು. ಮೊತ್ತ ಹೆಚ್ಚಾಯಿತೆನ್ನುವ ಶಾಲಾ ಮಂಡಳಿಗಳು ತಮ್ಮ ವಾರ್ಷಿಕೋತ್ಸವದ ಶಾಮಿಯಾನದ ಬಿಲ್ಲನ್ನೊಮ್ಮೆ ತೆಗೆದು ನೋಡಲಿ.